ಬ್ಯಾರಲ್ ಡೀಸೆಲ್‌ಗೆ ಸ್ಟೆಬಿಲೈಸರ್: ಮೂರು ವರ್ಷ ಹಾಕಿ ನೋಡಿದ್ದು

ಮುಧೋಳದ ಹತ್ತಿರ ನಮ್ಮದು ಎಂಟು ಎಕರೆ ಕಬ್ಬು. ಒಂದು ಟ್ರ್ಯಾಕ್ಟರ್, ಘಟಪ್ರಭಾ ದಂಡೆಯಲ್ಲಿ ಒಂದು ಡೀಸೆಲ್ ಎಂಜಿನ್. ಕರೆಂಟ್ ಕೈಕೊಟ್ಟಾಗ ಮಾತ್ರ ಎಂಜಿನ್ ಚಾಲೂ ಮಾಡುತ್ತೇವೆ. ಹಾಗಾಗಿ ಬ್ಯಾರಲ್‌ನಲ್ಲಿ ಡೀಸೆಲ್ ನಾಲ್ಕೈದು ತಿಂಗಳು ಸುಮ್ನೆ ನಿಂತಿರುತ್ತದೆ. ಹೀಗೆ ನಿಂತ ಡೀಸೆಲ್ ಬೇಗ ಕೆಡದಂತೆ ಬೆರೆಸುವ ದ್ರವವೇ ಸ್ಟೆಬಿಲೈಸರ್.

2022ರ ಜೂನ್‌ನಲ್ಲಿ ಮಳೆ ತಡವಾಯಿತು. ಎಂಜಿನ್ ಹೊಡೆದರೆ ಚಾಲೂ ಆಗಲೇ ಇಲ್ಲ. ಫಿಲ್ಟರ್ ಬಿಚ್ಚಿದರೆ ಒಳಗೆಲ್ಲ ಕಂದು ಅಂಟು. "ಡೀಸೆಲ್ ಹಳಸೇತ್ರೀ ಅಣ್ಣಾ. ಬ್ಯಾಸಗಿ ಪೂರಾ ತಗಡಿನ ಕೆಳಗ ಇಟ್ಟೀರಲ್ಲ" ಎಂದರು ಮಿಸ್ತ್ರಿ. ನಾಜಲ್, ಪಂಪ್ ಸೇರಿ 6,800 ರೂಪಾಯಿ ಹೋಯಿತು. ಅದಕ್ಕಿಂತ ಜಾಸ್ತಿ ಸಂಕಟ ಆಗಿದ್ದು ಆ ಒಂಬತ್ತು ದಿನ ನೀರಿಲ್ಲದೆ ಬಾಡಿದ ಕುಳೆ ಕಬ್ಬು ನೋಡಿ.

ಶೇಂಗಾ ಎಣ್ಣೆ ಬಹಳ ದಿನ ಇಟ್ಟರೆ ಕಮಟು ಬರುತ್ತದೆ, ಅಲ್ವಾ? ಡೀಸೆಲ್‌ಗೂ ಹೆಚ್ಚುಕಡಿಮೆ ಅದೇ ಗತಿ. ಗಾಳಿಯ ಆಮ್ಲಜನಕ ಅದರೊಳಗೆ ಸೇರಿ ಮೊದಲು ಪೆರಾಕ್ಸೈಡ್ ಆಗುತ್ತದೆ, ಆಮೇಲೆ ಅಂಟು, ಗಸಿ. ಬಿಸಿಲು ಇದ್ದರೆ ಬೇಗ. ತಾಮ್ರ, ಹಿತ್ತಾಳೆ ತಾಗಿದರೆ ಇನ್ನೂ ಬೇಗ. ನಮ್ಮ ಬ್ಯಾರಲ್‌ಗೆ ಹಿತ್ತಾಳೆ ನಲ್ಲಿಯೇ ಇತ್ತು! ಸ್ಟೆಬಿಲೈಸರ್‌ನಲ್ಲಿರುವ ಆಂಟಿಆಕ್ಸಿಡೆಂಟ್ ಈ ಸರಣಿಯನ್ನು ನಡುವೆಯೇ ಕಡಿಯುತ್ತದೆ. ಕೆಲವು ಬಾಟಲಿಗಳಲ್ಲಿ ತಾಮ್ರವನ್ನು ಕಟ್ಟಿಹಾಕುವ ರಾಸಾಯನಿಕವೂ ಇರುತ್ತದೆ. ನಾನು ತಂದಿದ್ದು ಅಂಥದ್ದು.

ಗಂಧಕದ ಮಾತೂ ಇಲ್ಲಿ ಬರಬೇಕು. 2020ರ ಏಪ್ರಿಲ್‌ನಿಂದ ಬಿಎಸ್ 6, ಅಂದರೆ ವಾಹನದ ಹೊಗೆ ತಗ್ಗಿಸುವ ಹೊಸ ನಿಯಮದ ಡೀಸೆಲ್ ಬಂತು. ಗಂಧಕದ ಮಿತಿ 50 ಪಿಪಿಎಮ್‌ನಿಂದ 10ಕ್ಕೆ ಇಳಿಯಿತು (ಪಿಪಿಎಮ್ ಅಂದರೆ ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ ಎಂಬ ಲೆಕ್ಕ). ಹೊಗೆಗೆ ಇದು ಒಳ್ಳೆಯದು. ಆದರೆ ಗಂಧಕ ತೆಗೆಯುವಾಗ ಡೀಸೆಲ್‌ನ ಸ್ವಂತ ಜಿಡ್ಡುಗುಣವೂ, ಅಂದರೆ ಪಂಪ್ ಸವೆಯದಂತೆ ಕಾಯುವ ಗುಣವೂ ಕಡಿಮೆಯಾಗುತ್ತದೆ. ಅದಕ್ಕೆ ರಿಫೈನರಿಯವರೇ ಬೇರೆ ಅಡಿಟಿವ್ ಸೇರಿಸಿ ಕಳಿಸುತ್ತಾರೆ. ಅಂದರೆ ಬಂಕ್‌ನಿಂದ ತಂದು ಅದೇ ವಾರ ಸುಡುವ ಡೀಸೆಲ್‌ಗೆ ನಾವು ಏನೂ ಹಾಕಬೇಕಿಲ್ಲ.

ನನ್ನ ಅಳತೆ ಲೀಟರಿಗೆ 1 ಮಿಲಿ, ಅಂದರೆ 200 ಲೀಟರ್ ಬ್ಯಾರಲ್‌ಗೆ 200 ಮಿಲಿ. ತಾಜಾ ಡೀಸೆಲ್ ಸುರಿಯುವ ಮೊದಲೇ ಹಾಕುತ್ತೇನೆ, ಸುರಿಯುವ ರಭಸಕ್ಕೆ ತಾನೇ ಬೆರೆಯುತ್ತದೆ. ಮೂರು ಬೇಸಿಗೆ ಕಳೆದವು. ಐದು ತಿಂಗಳು ನಿಂತ ಡೀಸೆಲ್ ಗಾಜಿನ ಬಾಟಲಿಯಲ್ಲಿ ಹಿಡಿದು ನೋಡಿದರೆ ತಿಳಿಯಾಗಿಯೇ ಇತ್ತು. ಫಿಲ್ಟರ್‌ನಲ್ಲಿ ಅಂಟಿಲ್ಲ. ನಾಜಲ್ ಮತ್ತೆ ಬಿಚ್ಚಿಲ್ಲ.

ಹಳಸಿದ ಡೀಸೆಲ್‌ಗೆ ಮಾತ್ರ ಇದನ್ನು ಹಾಕಬೇಡಿ. ಮೊದಲ ವರ್ಷ ಉಳಿದಿದ್ದ ಕಂದು ಡೀಸೆಲ್‌ಗೆ ಸುರಿದು ನೋಡಿದೆ. ಬಣ್ಣವೂ ತಿರುಗಲಿಲ್ಲ, ಅಂಟೂ ಕರಗಲಿಲ್ಲ. ನೀರಿಗೂ ಇದು ಮದ್ದಲ್ಲ. ಮಳೆಗಾಲದಲ್ಲಿ ಅರ್ಧ ಖಾಲಿ ಬ್ಯಾರಲ್ ಒಳಗೆ ತೇವ ಇಳಿಯುತ್ತದೆ. ತಳದಲ್ಲಿ ನೀರು ನಿಂತರೆ ಅದರ ಮೇಲೆ ಲೋಳೆ ಬೆಳೆಯುತ್ತದೆ. ಅದು ಸೂಕ್ಷ್ಮಜೀವಿಗಳ ಕೆಲಸ, ಆಂಟಿಆಕ್ಸಿಡೆಂಟ್‌ಗೆ ಅದರ ಸುದ್ದಿಯೇ ಇಲ್ಲ. ನೀರನ್ನು ತಳದಿಂದ ತೆಗೆಯಲೇಬೇಕು.

ಮೈಲೇಜ್ ಬರುತ್ತದೆ ಎಂದು ಅಂಗಡಿಯವರು ಹೇಳಿದ ಸಿಟೇನ್ ಬೂಸ್ಟರ್ ಕೂಡ ಒಂದು ಹಂಗಾಮು ಬಳಸಿದೆ. ಡೀಸೆಲ್ ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ ಎಂಬ ಅಳತೆಯೇ ಸಿಟೇನ್. ಅದೇ ಹೊಲ, ಅದೇ ರೋಟಾವೇಟರ್. ಎಕರೆಗೆ ಮೊದಲೂ ಐದೂವರೆ ಲೀಟರ್, ಆಮೇಲೂ ಐದೂವರೆ. ಚಳಿಯ ಬೆಳಗ್ಗೆ ಸ್ವಲ್ಪ ಬೇಗ ಚಾಲೂ ಆಯಿತು, ಅಷ್ಟೇ. ಇಲ್ಲಿಯ ಡೀಸೆಲ್‌ಗೆ ಕನಿಷ್ಠ 51 ಸಿಟೇನ್ ಇರಲೇಬೇಕೆಂಬ ನಿಯಮವಿದೆ. ಅದರ ಮೇಲೆ ಹಣ ಸುರಿಯುವುದು ನನಗೆ ಸರಿ ಕಾಣಲಿಲ್ಲ.

ಸ್ಟೆಬಿಲೈಸರ್‌ಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಒಂದು ಕಡಿತ ಯಾಕೆಂದರೆ, ಎರಡನೇ ಸಲ ಬಂದ ಬಾಟಲಿಯ ಮೇಲೆ ತಯಾರಿಕೆಯ ತಾರೀಖೇ ಇರಲಿಲ್ಲ. ವಾಪಸ್ ಕೊಟ್ಟು ಬೇರೆ ತಂದೆ. ಹಿತ್ತಾಳೆ ನಲ್ಲಿಯನ್ನೂ ತೆಗೆದು ಸ್ಟೀಲಿನದು ಹಾಕಿಸಿದ್ದೇನೆ. ಬ್ಯಾರಲ್ ಈಗ ಬೇವಿನ ಮರದ ನೆರಳಿನಲ್ಲಿದೆ.