ಕೋ-ಪೈಲಟ್ ಕೆಲಸಕ್ಕೆ 4 ಲಕ್ಷ ಕಟ್ಟಿ ಪ್ಯಾಸೆಂಜರ್ ಆದ ಕಥೆ

ನಾನು ಮೂಡಿಗೆರೆ ಕಡೆಯವನು. ಸಿಪಿಎಲ್, ಅಂದ್ರೆ ಕಮರ್ಷಿಯಲ್ ಪೈಲಟ್ ಲೈಸೆನ್ಸ್, ಕೈಗೆ ಬಂದು ಎರಡು ವರ್ಷ ಆಯ್ತು. ಈ ವಿಷ್ಯ ಊರಲ್ಲಿ ಯಾರಿಗೂ ಹೇಳಿಲ್ಲ, ಹೇಳೋಕೆ ಮುಖವೂ ಇಲ್ಲ. ಮೊನ್ನೆ ಹಾಸನದ ಹುಡುಗನೊಬ್ಬ ಫೋನ್ ಮಾಡಿ, ನನ್ನಿಂದ ದುಡ್ಡು ಕಟ್ಟಿಸ್ಕೊಂಡ ಅದೇ ಕನ್ಸಲ್ಟೆಂಟ್ ಹೆಸರು ಹೇಳಿ 'ದುಡ್ಡು ಕಟ್ಬಹುದಾ ಅಣ್ಣ' ಅಂದ. ಹೊಟ್ಟೆ ಉರೀತು. ಅದಕ್ಕೇ ಬರೀತಿದ್ದೀನಿ.

200 ಗಂಟೆ ಹಾರಾಟದ ಲಾಗ್‌ಬುಕ್ ಹಿಡ್ಕೊಂಡು ಏರ್‌ಲೈನ್ ಬಾಗಿಲು ಕಾಯೋರು ಎಷ್ಟು ಜನ ಅಂತ ನಿಮಗೂ ಗೊತ್ತು. ಗಂಟೆ ಸೇರಿಸ್ಬೇಕು. ನನಗೆ ಎರಡು ದಾರಿ ಇತ್ತು. ಒಂದು, ಅಸಿಸ್ಟೆಂಟ್ ಇನ್‌ಸ್ಟ್ರಕ್ಟರ್ ರೇಟಿಂಗ್ ಮಾಡ್ಕೊಂಡು ಫ್ಲೈಯಿಂಗ್ ಸ್ಕೂಲ್ ಸೇರೋದು. ಸಂಬಳ ಕಮ್ಮಿ, ಬಿಸಿಲು ಜಾಸ್ತಿ, ಆದ್ರೆ ಗಂಟೆಗಳು ಪಿ1, ಅಂದ್ರೆ ಕ್ಯಾಪ್ಟನ್ ಲೆಕ್ಕದವು. ಇನ್ನೊಂದು ಈ ಕನ್ಸಲ್ಟೆಂಟ್ ಪುಣ್ಯಾತ್ಮ ತೋರಿಸಿದ್ದು: ಸರ್ವೆ ವಿಮಾನದಲ್ಲಿ ಕೋ-ಪೈಲಟ್, ಆರು ತಿಂಗಳಲ್ಲಿ 300 ಗಂಟೆ, 'ಟ್ರೈನಿಂಗ್ ಚಾರ್ಜ್' 4 ಲಕ್ಷ.

ಚಿಕ್ಕಮಗಳೂರಿನ ಐ.ಜಿ. ರಸ್ತೆಯ ಹೋಟೆಲಲ್ಲಿ ಕಾಫಿ ಕುಡಿಸ್ತಾ ಅವನು ಹೇಳಿದ್ದು ಒಂದೇ ಮಾತು: 'ಇನ್‌ಸ್ಟ್ರಕ್ಟರ್ ಆದ್ರೆ ಕೊನೇ ತನಕ ಮೇಷ್ಟ್ರಾಗೇ ಉಳೀತೀರ ಬ್ರದರ್.' ಅಲ್ಲೇ ಬಿದ್ದೆ. ನನ್ನ ಜಂಬಕ್ಕೆ ಸರಿಯಾಗಿ ಹೊಡೆದ. ಅಪ್ಪ ರೇಟ್ ಏರ್ಲಿ ಅಂತ ಕೂಡಿಟ್ಟಿದ್ದ ಮೆಣಸಿನ ಮೂಟೆಗಳನ್ನ ಅದೇ ವಾರ ಮಾರಿ ದುಡ್ಡು ಕೊಟ್ಟುಬಿಟ್ರು. ಆಮೇಲೆ ರೇಟ್ ಏರಿತು. ಅದನ್ನ ಅಪ್ಪ ಒಂದ್ಸಲವೂ ಎತ್ತಿಲ್ಲ, ಅದೇ ಜಾಸ್ತಿ ಕುಟುಕುತ್ತೆ.

ವಿಮಾನ ನಿಜ, ಸರ್ವೆ ನಿಜ. ಒಂದು ಇಂಜಿನ್ನಿನ ಚಿಕ್ಕ ವಿಮಾನ. ಹನ್ನೊಂದನೇ ದಿನ ಬೆಳಿಗ್ಗೆ ಕ್ಯಾಪ್ಟನ್ ಲೋಡ್ ಶೀಟ್ ತುಂಬ್ತಿದ್ರು, ನಾನು ಪಕ್ಕದಲ್ಲಿ ನಿಂತು ನೋಡ್ತಿದ್ದೆ. ಪೈಲಟ್ ಸಾಲಲ್ಲಿ ಅವರ ತೂಕ. ನನ್ನ 71 ಕೆಜಿ ಕೆಳಗೆ, ಪ್ಯಾಸೆಂಜರ್ ಸಾಲಲ್ಲಿ. 'ಸರ್, ನಾನು ಕೋ-ಪೈಲಟ್ ಅಲ್ವಾ?' ಅಂದೆ. ಅವರು ತಲೆ ಎತ್ತದೆ, 'ಇದಕ್ಕೆ ಕೋ-ಪೈಲಟ್ ಬೇಡ್ವಲ್ಲಪ್ಪ, ಒಬ್ಬರೇ ಹಾರಿಸೋ ವಿಮಾನ. ನಿನಗೆ ಯಾರು ಹೇಳಿದ್ದು?' ಅಂದ್ರು. ಬೈದಿದ್ರೂ ಪರವಾಗಿರ್ಲಿಲ್ಲ. ಪಾಪ ಅನ್ನೋ ಥರ ಹೇಳಿದ್ರು. ಆವತ್ತೂ ಹೆಡ್‌ಸೆಟ್ ಹಾಕ್ಕೊಂಡು ಬಲಗಡೆ ಸೀಟಲ್ಲಿ ಕೂತೆ, ಏನು ಮಾಡ್ಲಿ.

ವಿಮಾನಕ್ಕೆ ಎರಡನೇ ಪೈಲಟ್ ಬೇಕು ಅನ್ನೋ ನಿಯಮ ಇದ್ರೆ ಮಾತ್ರ ಪಿ2, ಅಂದ್ರೆ ಕೋ-ಪೈಲಟ್ ಗಂಟೆ, ಲೆಕ್ಕಕ್ಕೆ ಬರುತ್ತೆ. ಇದು ಓದಿ ಪಾಸಾದ ನನಗೆ ಗೊತ್ತಿರ್ಲಿಲ್ವಾ? ಗೊತ್ತಿತ್ತು! ಕೇಳ್ಲಿಲ್ಲ ಅಷ್ಟೆ.

ಕನ್ಸಲ್ಟೆಂಟ್‌ಗೆ ಫೋನ್ ಮಾಡಿದೆ. 'ಅಗ್ರಿಮೆಂಟ್ ತೆಗೆದು ನೋಡಿ ಬ್ರದರ್, ಫ್ಲೈಯಿಂಗ್ ಎಕ್ಸ್‌ಪೀರಿಯನ್ಸ್ ಅಂತ ಇದೆ. ಪಿ2 ಅಂತ ಎಲ್ಲಿದೆ?' ತೆಗೆದು ನೋಡಿದೆ. ಎಲ್ಲೂ ಇರ್ಲಿಲ್ಲ. ದುಡ್ಡು ವಾಪಸ್ ಕೇಳಿದ್ರೆ 'ಎಕ್ಸ್‌ಪೋಷರ್ ಸಿಕ್ತಲ್ಲ, ಅದಕ್ಕೆ ಬೆಲೆ ಇಲ್ವಾ?' ಮೂರನೇ ಸಲಕ್ಕೆ 'ನೀವು ತುಂಬಾ ನೆಗೆಟಿವ್.' ಆಮೇಲೆ ಬರೀ ನೀಲಿ ಟಿಕ್. ಇತ್ತ ನನ್ನ ಐಆರ್, ಅಂದ್ರೆ ಉಪಕರಣ ನೋಡ್ಕೊಂಡೇ ಹಾರಿಸೋ ರೇಟಿಂಗ್, ರಿನ್ಯೂವಲ್‌ಗೆ ಬಂತು, ಮೆಡಿಕಲ್ ಸರ್ಟಿಫಿಕೇಟೂ ಬಂತು, ಅದಕ್ಕೆ ಮತ್ತೆ ಅಪ್ಪನ್ನೇ ಕೇಳಿದೆ.

ಯಾರಾದ್ರೂ ಹಾರೋ ಕೆಲಸ ಕೊಡ್ತೀನಿ ಅಂದ್ರೆ ಮೊದಲು ಒಂದೇ ಮಾತು ಕೇಳಿ: ಲಾಗ್‌ಬುಕ್ಕಲ್ಲಿ ಯಾವ ಕಾಲಂ, ಸಹಿ ಯಾರದ್ದು? ಉತ್ತರ ಬರಹದಲ್ಲಿ ಬರ್ಲಿ. ಮಧ್ಯದವನನ್ನ ಬಿಟ್ಟು ವಿಮಾನ ಹಾರಿಸೋ ಕ್ಯಾಪ್ಟನ್‌ನೇ ಕೇಳಿ. ನಿಮ್ಮಿಂದಲೇ ದುಡ್ಡು ಕೇಳಿದ್ರೆ ಅದು ಕೆಲಸ ಅಲ್ಲ, ಎದ್ದು ಬನ್ನಿ, ಕಾಫಿ ಬಿಲ್ ಅವನೇ ಕೊಡ್ಲಿ. ಮೇಷ್ಟ್ರಾದವರು? ನನ್ನ ಬ್ಯಾಚ್‌ಮೇಟ್ ಒಬ್ಬ ಇನ್‌ಸ್ಟ್ರಕ್ಟರ್ ಆಗಿ ಸೇರ್ಕೊಂಡ, ಅವನ ಪಿ1 ಗಂಟೆ ನೋಡಿದ್ರೆ ನನಗೆ ಹೊಟ್ಟೆಕಿಚ್ಚು.

ಇನ್ನೊಂದು. ಆ ಕನ್ಸಲ್ಟೆಂಟ್ ಈಗಲೂ ವಾಟ್ಸಾಪ್ ಸ್ಟೇಟಸ್‌ನಲ್ಲಿ ಒಂದು ಫೋಟೊ ಹಾಕ್ತಾನೆ: ಬಲಗಡೆ ಸೀಟು, ಹೆಡ್‌ಸೆಟ್, ಬಿಳಿ ಶರ್ಟು, ಕೆಳಗೆ 'ಕಾಫಿನಾಡಿನ ಹುಡುಗ ಈಗ ಕೋ-ಪೈಲಟ್'. ಹಾಸನದ ಹುಡುಗ ಅದನ್ನೇ ನೋಡಿ ನಂಬಿದ್ದ. ತೆಗಿ ಅಂತ ನಾಲ್ಕು ಸಲ ಹೇಳಿದ್ದೀನಿ, ತೆಗೆದಿಲ್ಲ. ಅದು ನಾನೇ.