ಒಬ್ಬರಿಗಷ್ಟೇ ದುಡ್ಡಿದ್ದರೆ ಫ್ರಂಟ್-ಎಂಡ್ ಡೆವಲಪರ್‌ಗೇ ಕೊಡಿ

ನಮ್ಮದು ಮೈಸೂರಿನ ಪುಟ್ಟ ಪುಸ್ತಕದಂಗಡಿ. ವೆಬ್‌ಸೈಟಿಗೆಂದು ಎತ್ತಿಟ್ಟಿದ್ದ 60,000 ರೂಪಾಯಿಯಲ್ಲಿ 35,000 ಮೊದಲು ಯುಐ ಡಿಸೈನರ್‌ಗೇ, ಅಂದರೆ ಪುಟಗಳು ಹೇಗೆ ಕಾಣಬೇಕು ಅಂತ ಬಿಡಿಸಿಕೊಡುವವರಿಗೇ ಹೋಯಿತು. ಈಗ ಕೇಳಿದರೆ ನನ್ನ ವೋಟು ಫ್ರಂಟ್-ಎಂಡ್ ಡೆವಲಪರ್‌ಗೆ, ಅಂದರೆ ಆ ಚಿತ್ರವನ್ನು ಕೋಡ್ ಬರೆದು ನಿಜವಾದ ಪುಟವಾಗಿ ಕಟ್ಟುವವರಿಗೆ.

ಡಿಸೈನರ್ ಫಿಗ್ಮಾ ಅನ್ನೋ ವಿನ್ಯಾಸದ ಸಾಫ್ಟ್‌ವೇರಿನಲ್ಲಿ ಹನ್ನೆರಡು ಪುಟ ಬಿಡಿಸಿಕೊಟ್ಟರು. ನೋಡೋಕೆ ಕಣ್ಣಿಗೆ ಹಬ್ಬ. ಆದರೆ ಮಾದರಿಗೆ ಹಾಕಿದ್ದ ಪುಸ್ತಕದ ಹೆಸರೆಲ್ಲ ಇಂಗ್ಲಿಷಿನವು. ಡೆವಲಪರ್ ಆ ಅಳತೆಯಲ್ಲೇ ಕಟ್ಟಿದರು. ನಾನು ಕನ್ನಡದ ಹೆಸರು ತುಂಬಿಸಿದ ದಿನವೇ ಎಡವಟ್ಟು: 'ಪುಸ್ತಕ' ಅಂತ ಇರಬೇಕಾದಲ್ಲಿ 'ಪುಸಕ', 'ಶಾಸ್ತ್ರ' ಇರಬೇಕಾದಲ್ಲಿ 'ಶಾಸ'. ಒತ್ತಕ್ಷರಗಳೇ ಮಾಯ!

ಹೆಸರಿನ ಪೆಟ್ಟಿಗೆಗೆ 20 ಪಿಕ್ಸೆಲ್ ಎತ್ತರ, ಅಕ್ಷರ 18, ಮಿಕ್ಕಿದ್ದು ಮರೆಯಾಗಲಿ ಅಂತ ಸೂಚನೆ. ಇಂಗ್ಲಿಷಿಗೆ ಅಷ್ಟು ಸಾಕು, ಅದರಲ್ಲಿ ಕೆಳಗಿಳಿಯೋದು ಜಿ, ವೈ ಥರದ ಕೆಲವೇ ಅಕ್ಷರಗಳ ಬಾಲ. ನಮ್ಮ ಒತ್ತು ಗೆರೆಯ ಕೆಳಗೇ ಕೂರುತ್ತೆ. ಡಿಸೈನರ್‌ಗೆ ಫೋನ್ ಮಾಡಿದರೆ, 'ಫಾಂಟ್ ಚಿಕ್ಕದು ಮಾಡಿ ಸರ್' ಅಂದರು. ನಮ್ಮ ಗಿರಾಕಿಗಳಲ್ಲಿ ಅರ್ಧಕ್ಕರ್ಧ ಅರವತ್ತು ದಾಟಿದವರು, ಅವರಿಗೆ ಹೇಗೆ ಚಿಕ್ಕದು ಮಾಡಲಿ?

ಡೆವಲಪರ್ ಪಕ್ಕದಲ್ಲೇ ಕೂತು ಕ್ರೋಮ್‌ನಲ್ಲಿ ಪುಟದ ಒಳಗಿನ ಅಳತೆ ತೋರಿಸುವ ಇನ್‌ಸ್ಪೆಕ್ಟ್ ತೆರೆದರು. ಲೈನ್-ಹೈಟ್ (ಸಾಲಿನ ಎತ್ತರ ಅಕ್ಷರದ ಗಾತ್ರದ ಎಷ್ಟು ಪಟ್ಟು ಅನ್ನೋದು) 1.1 ಇದ್ದದ್ದನ್ನು 1.6 ಮಾಡಿ, ಪೆಟ್ಟಿಗೆಯ ಎತ್ತರದ ಕಟ್ಟು ತೆಗೆದರು. ಒತ್ತುಗಳು ಕಣ್ಣೆದುರೇ ವಾಪಸ್ ಬಂದವು. ಆಮೇಲೆ, 'ನಿಮ್ಮಲ್ಲಿರೋ ಅತಿ ಉದ್ದದ ಹೆಸರು ಯಾವುದು?' ಅಂತ ಕೇಳಿ, 360 ಪಿಕ್ಸೆಲ್ ಅಗಲದ ಫೋನಿನಲ್ಲಿ ಅದು ಮೂರು ಸಾಲಾಗಿ ಕೂರೋದನ್ನು ತೋರಿಸಿದರು. ಪುಟ ಬಿಡಿಸೋವಾಗಲೇ ಯಾರಾದರೂ ಈ ಪ್ರಶ್ನೆ ಕೇಳಬೇಕಿತ್ತು.

ಬೆಲೆಯ ತಿಳಿಬೂದು ಬಣ್ಣವನ್ನು ಗಾಢ ಮಾಡಿದ್ದೂ ಅವರೇ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5:1 ವ್ಯತ್ಯಾಸ ಬೇಕು ಅನ್ನುತ್ತೆ ಡಬ್ಲ್ಯೂಸಿಎಜಿ, ಅಂದರೆ ವೆಬ್ ಪುಟಗಳು ಎಲ್ಲರಿಗೂ ಓದೋಕೆ ಆಗಲಿ ಅಂತ ಇರುವ ಮಾರ್ಗಸೂಚಿ.

ಒಂದು ವಿಷಯದಲ್ಲಿ ಮಾತ್ರ ಡಿಸೈನರ್ ಋಣ ದೊಡ್ಡದು. ಒಂದು ಸಂಜೆ ಪೂರ್ತಿ ಅಂಗಡಿಯಲ್ಲಿ ಕೂತು, ಬಂದವರು ಪುಸ್ತಕದ ಹೆಸರಿಗಿಂತ ಮೊದಲು ಲೇಖಕರ ಹೆಸರು ಹೇಳ್ತಾರೆ ಅಂತ ಗಮನಿಸಿದರು. ಹುಡುಕುವ ಜಾಗದಲ್ಲಿ ಲೇಖಕರೇ ಮೊದಲು ಬರೋದು ಅದಕ್ಕೇ. ಡೆವಲಪರ್‌ಗೆ ಅದು ಹೊಳೆದಿರಲಿಲ್ಲ, ನಾನು ಹೇಳಿದ್ದನ್ನಷ್ಟೇ ಕಟ್ಟುತ್ತಿದ್ದರು.

ಆದರೆ ನಾನು ವಾರವಾರ ಹೊಸ ಪುಸ್ತಕ ಸೇರಿಸೋನು, ಏನಾದರೊಂದು ಎಡವಟ್ಟಾಗುತ್ತಲೇ ಇರುತ್ತೆ. ಅದನ್ನು ಸರಿಮಾಡೋಕೆ ಚಿತ್ರ ಸಾಲದು. ಮತ್ತೆ ಮಾಡಿಸುವುದಾದರೆ 50,000 ಡೆವಲಪರ್‌ಗೆ. ಉಳಿದ ಹತ್ತು ಸಾವಿರ ಡಿಸೈನರ್‌ಗೆ, ಅಂಗಡಿಯಲ್ಲಿ ಎರಡು ಸಂಜೆ ಕೂತು ಗಿರಾಕಿಗಳನ್ನು ನೋಡೋಕೆ.