ಜಪಾನ್ ರೈಲ್ ಪಾಸ್: ಹಾಸನದ ಲೆಕ್ಕದ ಮೇಡಂ ಹಾಕಿದ ಲೆಕ್ಕ

ಜಪಾನಿಗೆ ಹೊರಟವರಿಗೆ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ, "ಮೊದ್ಲು ರೈಲ್ ಪಾಸ್ ತಗೊಂಡ್ಬಿಡಿ" ಅಂತ. ನಮಗೂ ಹೇಳಿದರು. ಪಕ್ಕದ ಮನೆಯವರು ಹೇಳಿದರು, ನಮ್ಮನೆಯವರ ಬ್ಯಾಂಕಿನ ಹಳೇ ಸ್ನೇಹಿತರು ಹೇಳಿದರು. ವೀಸಾ ಕಾಗದ ಮಾಡಿಕೊಟ್ಟ ಏಜೆಂಟ್ ಅಂತೂ ಬಿಡಲೇ ಇಲ್ಲ. "ಮೇಡಂ, ಅದಿಲ್ದೆ ಅಲ್ಲಿ ಓಡಾಡೋಕೇ ಆಗಲ್ಲ" ಅಂದ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ರಿಟೈರ್ ಆದವಳು. ಯಾರಾದರೂ ಲೆಕ್ಕ ತೋರಿಸದೆ ಉತ್ತರ ಮಾತ್ರ ಬರೆದರೆ ಮಾರ್ಕ್ಸ್ ಕೊಡುವ ಅಭ್ಯಾಸ ಇಲ್ಲ. "ಎಷ್ಟು ಉಳಿಯುತ್ತೆ, ಬರೆದು ತೋರಿಸಿ" ಅಂದೆ. ಆಮೇಲೆ ಅವನ ಫೋನ್ ಕಡಿಮೆಯಾಯಿತು.

ಮೊದಲು ಪಾಸ್ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ಜಪಾನಿನಲ್ಲಿ ಜೆಆರ್ ಅನ್ನುವ ಹೆಸರಿನ ಕಂಪನಿಗಳ ಗುಂಪೊಂದು ಬುಲೆಟ್ ರೈಲು, ಅಂದರೆ ಶಿಂಕಾನ್ಸೆನ್, ಓಡಿಸುತ್ತದೆ. ಬಹಳಷ್ಟು ಮಾಮೂಲಿ ರೈಲುಗಳೂ ಅವರದೇ. ಹೊರದೇಶದಿಂದ ಸುಮ್ನೆ ನೋಡಲು ಬಂದವರಿಗೆ ಈ ಗುಂಪು ಕೊಡುವುದು ಜಪಾನ್ ರೈಲ್ ಪಾಸ್. 7, 14, ಇಲ್ಲವೇ 21 ದಿನ, ಎಷ್ಟು ಸಲ ಬೇಕಾದರೂ ಹತ್ತಿ ಇಳಿಯಬಹುದು. ದಿನಗಳು ಒಂದರ ಹಿಂದೆ ಒಂದು ಓಡುತ್ತವೆ. ಮಧ್ಯೆ ಒಂದು ದಿನ ಮನೆಯಲ್ಲಿ ಕಾಲು ಚಾಚಿ ಕೂತರೆ ಆ ದಿನ ಹೋಯಿತು ಅಂತಲೇ ಲೆಕ್ಕ.

ಎಲ್ಲರೂ ಇದನ್ನು ಹೊಗಳುವುದಕ್ಕೆ ಕಾರಣ ಇದೆ. 2023ರ ಅಕ್ಟೋಬರ್‌ಗಿಂತ ಮುಂಚೆ 7 ದಿನದ ಪಾಸಿಗೆ 29,650 ಯೆನ್ ಇತ್ತು. ಟೋಕಿಯೊದಿಂದ ಕ್ಯೋಟೋಗೆ ಹೋಗಿ ಬಂದು, ಜೊತೆಗೆ ಒಂದು ಸಣ್ಣ ಓಡಾಟ ಸೇರಿಸಿದರೆ ಹಣ ವಸೂಲಾಗುತ್ತಿತ್ತು. ಆ ಅಕ್ಟೋಬರ್‌ನಲ್ಲಿ ಅದನ್ನು ಒಂದೇ ಏಟಿಗೆ 50,000 ಯೆನ್ ಮಾಡಿದರು. 14 ದಿನದ್ದು 80,000, 21 ದಿನದ್ದು 1 ಲಕ್ಷ. ನಾವು ಹೋದಾಗಿನ ದರದಲ್ಲಿ 50,000 ಯೆನ್ ಅಂದರೆ ಸುಮಾರು 28 ಸಾವಿರ ರೂಪಾಯಿ, ಅದೂ ಒಬ್ಬರಿಗೆ. ಊರಿನಲ್ಲಿ ಸಲಹೆ ಕೊಡುವವರ ತಲೆಯಲ್ಲಿ ಮಾತ್ರ ಇನ್ನೂ ಹಳೇ ದರವೇ ಕೂತಿದೆ.

ನಮ್ಮ ಪ್ರಯಾಣ ಹೀಗಿತ್ತು. ಬೆಂಗಳೂರಿನಿಂದ ಟೋಕಿಯೊದ ನರಿತಾ ವಿಮಾನ ನಿಲ್ದಾಣ. ಅಲ್ಲಿಂದ ನಗೋಯಾ, ಮಗ ಇರುವುದು ಅಲ್ಲಿ. ಒಂದಷ್ಟು ದಿನ ಅವನ ಮನೆಯಲ್ಲಿ ಇರುವುದು, ಆಮೇಲೆ ಕ್ಯೋಟೋ, ನಾರಾ, ಹಿರೋಷಿಮಾ ನೋಡಿಕೊಂಡು ನಗೋಯಾಗೆ ಬಂದು, ಕೊನೆಗೆ ಟೋಕಿಯೊಗೆ ವಾಪಸ್. ಮಗನ ಮನೆಯಲ್ಲಿ ಇರುವ ದಿನಗಳಿಗೆ ಪಾಸ್ ಬೇಡ. ಹಾಗಾಗಿ 7 ದಿನದ್ದನ್ನು ತೆಗೆದುಕೊಂಡರೆ ಪ್ರವಾಸದ ಕೊನೆಯ ವಾರಕ್ಕೆ ಹೊಂದಿಸಬೇಕು, ಮೊದಲ ಸಲ ಟೋಕಿಯೊದಿಂದ ನಗೋಯಾಗೆ ಹೋಗುವುದಕ್ಕೆ ಬೇರೆ ಟಿಕೆಟ್.

ದರಗಳನ್ನು ಸಾವಿರಕ್ಕೆ ಹತ್ತಿರ ಮಾಡಿ ಹೇಳುತ್ತೇನೆ. ನರಿತಾದಿಂದ ಟೋಕಿಯೊಗೆ ಎಕ್ಸ್‌ಪ್ರೆಸ್ ರೈಲಿಗೆ 3 ಸಾವಿರ ಯೆನ್. ಟೋಕಿಯೊ-ನಗೋಯಾ 11 ಸಾವಿರ. ನಗೋಯಾ-ಕ್ಯೋಟೋ 6 ಸಾವಿರ. ಕ್ಯೋಟೋ-ಹಿರೋಷಿಮಾ 11 ಸಾವಿರದ ಮೇಲೆ. ಹಿರೋಷಿಮಾದಿಂದ ನೇರ ನಗೋಯಾಗೆ 14 ಸಾವಿರದ ಆಚೆ ಈಚೆ. ಕೊನೆಯ ವಾರದಲ್ಲಿ ಪಾಸ್ ಒಳಗೆ ಬರುವುದನ್ನೆಲ್ಲ ಕೂಡಿದರೆ 45 ಸಾವಿರ ಆಗುತ್ತದೆ. ಪಾಸಿನ ಬೆಲೆ 50. ನಾರಾಕ್ಕೆ, ಅಲ್ಲಿ ಇಲ್ಲಿ ಓಡಾಡಿದ್ದನ್ನು ಸೇರಿಸಿದರೆ ಇನ್ನೊಂದೆರಡು ಸಾವಿರ ಏರೀತು. ಆದರೂ ಮುಟ್ಟುವುದಿಲ್ಲ.

ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಪಾಸಿಗೆ ಇನ್ನೊಂದು ಕಿರಿಕಿರಿ ಇದೆ, ನಮ್ಮಂಥವರಿಗೆ ಅದೇ ದೊಡ್ಡದು. ಈ ದಾರಿಯಲ್ಲಿ ಎಲ್ಲಕ್ಕಿಂತ ವೇಗವಾಗಿ ಹೋಗುವ ರೈಲಿನ ಹೆಸರು ನೊಝೋಮಿ. ಐದು ಹತ್ತು ನಿಮಿಷಕ್ಕೊಂದು ಇರುತ್ತದೆ. ಪಾಸ್ ಇಟ್ಟುಕೊಂಡವರು ಅದರಲ್ಲಿ ಹಾಗೇ ಹತ್ತುವ ಹಾಗಿಲ್ಲ. ಹಿಕಾರಿ ಅನ್ನುವ ಸ್ವಲ್ಪ ನಿಧಾನದ ರೈಲಿಗೆ ಹೋಗಬೇಕು, ಅದು ಗಂಟೆಗೆ ಎರಡು. ನೊಝೋಮಿಯೇ ಬೇಕು ಅಂದರೆ ಮೇಲೆ ಹಣ ಕಟ್ಟಬೇಕು. ಟೋಕಿಯೊದಿಂದ ಕ್ಯೋಟೋಗೆ ಅದು 4,960 ಯೆನ್. 50 ಸಾವಿರ ಕೊಟ್ಟ ಮೇಲೂ!

ಮಗನಿಗೋ ಪಾಸ್ ಸಿಗುವುದೇ ಇಲ್ಲ. ಕೆಲಸದ ವೀಸಾದಲ್ಲಿ ಅಲ್ಲಿ ಇರುವವರಿಗೆ ಕೊಡುವುದಿಲ್ಲ, ಪಾಸ್‌ಪೋರ್ಟ್‌ನಲ್ಲಿ 'ಅಲ್ಪಕಾಲದ ಭೇಟಿ' ಅಂತ ಇದ್ದವರಿಗೆ ಮಾತ್ರ. ಅಂದರೆ ಅವನು ಟಿಕೆಟ್ ತೆಗೆದುಕೊಂಡು ಬರಬೇಕು, ನಾವು ಪಾಸ್ ಹಿಡಿದುಕೊಂಡು ಹೋಗಬೇಕು. ಅವನು ಬುಕ್ ಮಾಡುವುದು ಮೊಬೈಲ್ ಆ್ಯಪ್‌ನಲ್ಲಿ, ನಮ್ಮ ಸೀಟು ಬೇರೆ ಕಡೆ. ಮೂರು ಜನ ಅಕ್ಕಪಕ್ಕ ಕೂರುವುದಕ್ಕೂ ಸರ್ಕಸ್. "ಅಮ್ಮ, ನೀವು ಹಿಕಾರಿಲಿ ಬನ್ನಿ, ನಾನು ನೊಝೋಮಿಲಿ ಮುಂದೆ ಹೋಗಿ ಕಾಯ್ತೀನಿ" ಅಂತ ತಮಾಷೆ ಮಾಡಿದ. ಅಷ್ಟು ದೂರ ಹೋಗುವುದೇ ಮಗನ ಪಕ್ಕ ಕೂರುವುದಕ್ಕೆ, ಅಲ್ವಾ?

ಪಾಸ್ ಕೈಯಲ್ಲಿದ್ದರೆ ಮನುಷ್ಯನ ಬುದ್ಧಿ ಹೇಗೆ ಓಡುತ್ತೆ ಅನ್ನುವುದೂ ನನಗೆ ಗೊತ್ತು. ನಮ್ಮ ಸ್ಕೂಲಿಗೆ ಹೊಳೆನರಸೀಪುರದ ಕಡೆಯಿಂದ ಬರುತ್ತಿದ್ದ ಹುಡುಗರು ಬಸ್ ಪಾಸ್ ಇದೆ ಅನ್ನುವ ಒಂದೇ ಕಾರಣಕ್ಕೆ ರಜಾ ದಿನವೂ ಹಾಸನಕ್ಕೆ ಬಂದು ಬಸ್ ಸ್ಟ್ಯಾಂಡಿನಲ್ಲಿ ನಿಂತು ವಾಪಸ್ ಹೋಗುತ್ತಿದ್ದರು. ಅರವತ್ತು ದಾಟಿದ ನಾವಿಬ್ಬರೂ ಅದನ್ನೇ ಶಿಂಕಾನ್ಸೆನ್‌ನಲ್ಲಿ ಮಾಡುತ್ತಿದ್ದೆವು. ಮಂಡಿ ನೋವಿದ್ದರೂ "ಪಾಸ್ ಇದೆಯಲ್ಲ, ಹೋಗೋಣ" ಅನ್ನುವವರು ನಮ್ಮನೆಯವರು.

ಹಾಗಾದರೆ ಏನು ತೆಗೆದುಕೊಂಡೆವು? ಮಗ ಹುಡುಕಿ ಹೇಳಿದ ಒಂದು ಸಣ್ಣ ಪಾಸ್. ದೇಶಕ್ಕೆಲ್ಲ ಆಗುವ ದೊಡ್ಡ ಪಾಸ್ ಪಕ್ಕದಲ್ಲೇ ಆಯಾ ಭಾಗಕ್ಕೆ ಮಾತ್ರ ಆಗುವ ಪಾಸುಗಳೂ ಇವೆ. ಏಜೆಂಟ್ ಬಾಯಲ್ಲಿ ಇವುಗಳ ಹೆಸರೇ ಬರಲಿಲ್ಲ. ನಾವು ತೆಗೆದುಕೊಂಡದ್ದು ಕನ್ಸಾಯ್-ಹಿರೋಷಿಮಾ ಏರಿಯಾ ಪಾಸ್. 5 ದಿನ, 17,000 ಯೆನ್. ನಮ್ಮ ದುಡ್ಡಲ್ಲಿ ಹತ್ತು ಸಾವಿರದ ಒಳಗೆ. ಕ್ಯೋಟೋ, ಒಸಾಕಾ, ನಾರಾ, ಹಿಮೇಜಿ, ಹಿರೋಷಿಮಾ ಎಲ್ಲ ಇದರೊಳಗೆ ಬರುತ್ತವೆ. ಶಿನ್-ಒಸಾಕಾದಿಂದ ಹಿರೋಷಿಮಾದವರೆಗೆ ಶಿಂಕಾನ್ಸೆನ್ ಕೂಡ ಸೇರಿದೆ. ದೊಡ್ಡ ಪಾಸಿನಲ್ಲಿ ಮೇಲೆ ಹಣ ಕೇಳುವ ನೊಝೋಮಿಯನ್ನೂ ಆ ತುಂಡು ದಾರಿಯಲ್ಲಿ ಹಾಗೇ ಹತ್ತಬಹುದು. ಇದೂ ಪ್ರವಾಸಿಗಳಿಗೆ ಮಾತ್ರ, ಮಗ ಟಿಕೆಟ್ ತೆಗೆದುಕೊಂಡ. ಆದರೆ ರೈಲು ಒಂದೇ ಆಯಿತು. ರಿಸರ್ವೇಶನ್ ಇಲ್ಲದ ಬೋಗಿಗೆ ಮೂವರೂ ಹತ್ತಿ ಜೊತೆಗೇ ಕೂತೆವು.

ಲೆಕ್ಕ ಮುಗಿಸಿಬಿಡೋಣ. ಸಣ್ಣ ಪಾಸ್ 17, ನಗೋಯಾ-ಕ್ಯೋಟೋ ಎರಡು ಸಲಕ್ಕೆ 12, ಟೋಕಿಯೊ-ನಗೋಯಾ ಎರಡು ಸಲಕ್ಕೆ 22, ನರಿತಾಗೆ 6. ಒಟ್ಟು 57 ಸಾವಿರ. ದೊಡ್ಡ ಪಾಸ್ ತೆಗೆದುಕೊಂಡು ಉಳಿದದ್ದಕ್ಕೆ ಟಿಕೆಟ್ ಮಾಡಿದ್ದರೆ 64. ಒಬ್ಬರಿಗೆ 7 ಸಾವಿರ ಯೆನ್, ಇಬ್ಬರಿಗೆ ಸುಮಾರು 8 ಸಾವಿರ ರೂಪಾಯಿ ಉಳಿಯಿತು. ನೊಝೋಮಿಯಲ್ಲೂ ಕೂತೆವು.

ಪಾಸ್ ಕೊಡುವ ಕೌಂಟರ್ ಬಗ್ಗೆ ಎರಡು ಮಾತು. ಕ್ಯೋಟೋ ಸ್ಟೇಷನ್ನಿನಲ್ಲಿ ಕ್ಯೂ ಉದ್ದ ಇತ್ತು, ಹೋದರೆ ಬೆಳಿಗ್ಗೆ ಬೇಗ ಹೋಗಿ. ಕೌಂಟರಿನ ಹುಡುಗಿ ನಮ್ಮ ಪಾಸ್‌ಪೋರ್ಟ್ ಎರಡೂ ಕೈಯಲ್ಲಿ ತೆಗೆದುಕೊಂಡಳು. ಇಮಿಗ್ರೇಶನ್‌ನಲ್ಲಿ ಅಂಟಿಸಿದ ಚೀಟಿ ಇರುವ ಪುಟ ಹುಡುಕಿದಳು, ಅದರ ಮೇಲಿನ ಅಕ್ಷರಗಳ ಕೆಳಗೆ ಬೆರಳಿಟ್ಟು ಓದಿದಳು. ಆಮೇಲೆ ಪಾಸ್ ಮೇಲಿನ ತಾರೀಕು ತೋರಿಸಿ, ಇಂದಿನಿಂದಲೇ ಶುರು ಮಾಡಲಾ ಅಂತ ಕೈಸನ್ನೆಯಲ್ಲೇ ಕೇಳಿದಳು. ಪಾಸ್ ಅಂದರೆ ಒಂದು ಸಣ್ಣ ಕಾಗದದ ಟಿಕೆಟ್, ಅಷ್ಟೇ. ಗೇಟಿನ ಸಂದಿಯಲ್ಲಿ ಹಾಕಿದರೆ ಸುರ್ ಅಂತ ಒಳಗೆ ಹೋಗಿ ಆ ಕಡೆ ಬರುತ್ತದೆ. ಅದನ್ನು ಎತ್ತಿಕೊಳ್ಳುವುದು ಮರೆಯಬಾರದು. ಕಳೆದರೆ ಇನ್ನೊಂದು ಕೊಡುವುದಿಲ್ಲ. ನಾನು ಇಬ್ಬರ ಪಾಸನ್ನೂ ನನ್ನ ಚಿಕ್ಕ ಪರ್ಸಿನಲ್ಲೇ ಇಟ್ಟುಕೊಂಡೆ. ನಮ್ಮನೆಯವರು ಮನೆಯಲ್ಲೇ ಕನ್ನಡಕ ಹುಡುಕುವವರು.

ಪಾಸ್ ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ ಅನ್ನುವುದು ಹೋದ ಮೇಲೆ ಚೆನ್ನಾಗಿ ಗೊತ್ತಾಗುತ್ತದೆ. ಕೆಂಪು ಕಮಾನುಗಳ ಸಾಲು ಇರುವ ಫುಶಿಮಿ ಇನಾರಿ ದೇವಸ್ಥಾನಕ್ಕೆ ಕ್ಯೋಟೋದಿಂದ ಜೆಆರ್ ರೈಲಿನಲ್ಲಿ ಎರಡನೇ ಸ್ಟೇಷನ್, ಎದುರಿಗೇ ಬಾಗಿಲು. ಅದೇ ಲೈನಿನಲ್ಲಿ ಮುಂದೆ ಹೋದರೆ ನಾರಾ. ಚಿನ್ನದ ಮಂಟಪ, ಅಂದರೆ ಕಿಂಕಾಕುಜಿಗೆ, ಸಿಟಿ ಬಸ್ಸು, ಅದಕ್ಕೆ ಕೈಯಿಂದ ಕೊಡಬೇಕು. ಮೆಟ್ರೋಗೂ ಅಷ್ಟೇ. ನಗೋಯಾ ಹತ್ತಿರದ ಇನುಯಾಮ ಕೋಟೆಗೆ ಹೋಗುವುದು ಬೇರೆ ಕಂಪನಿಯ ರೈಲಿನಲ್ಲಿ, ಅಲ್ಲಿ ದೊಡ್ಡ ಪಾಸ್ ಇದ್ದರೂ ಪ್ರಯೋಜನ ಇಲ್ಲ. ಜಪಾನಿನಲ್ಲಿ ರೈಲು ಅಂದರೆಲ್ಲ ಒಬ್ಬರದೇ ಅಂದುಕೊಳ್ಳುವುದು ನಮ್ಮ ಅಭ್ಯಾಸ. ನಮಗೆ ಹಾಸನ ಸ್ಟೇಷನ್ನಿನಲ್ಲಿ ಯಾವ ಗಾಡಿ ಬಂದರೂ ಇಂಡಿಯನ್ ರೈಲ್ವೇಸ್ ತಾನೇ!

ಸಣ್ಣ ಪಾಸಿನ ನಿಜವಾದ ಮಜಾ ಸಿಕ್ಕಿದ್ದು ಮಿಯಾಜಿಮಾ ದ್ವೀಪಕ್ಕೆ ಹೋದಾಗ. ಹಿರೋಷಿಮಾದಿಂದ ಅರ್ಧ ಗಂಟೆ ಮಾಮೂಲಿ ರೈಲು, ಇಳಿದು ನಾಲ್ಕು ಹೆಜ್ಜೆ ನಡೆದರೆ ದೋಣಿ. ಜೆಆರ್ ದೋಣಿಗೆ ಪಾಸ್ ಸಾಕು. ಪಕ್ಕದಲ್ಲೇ ಇನ್ನೊಂದು ಕಂಪನಿಯ ದೋಣಿಯೂ ನಿಂತಿರುತ್ತದೆ, ಅದಕ್ಕೆ ಹತ್ತಿದರೆ ಬೇರೆ ಟಿಕೆಟ್. ದ್ವೀಪಕ್ಕೆ ಹೋಗುವವರೆಲ್ಲ 100 ಯೆನ್ ತೆರಿಗೆ ಕಟ್ಟಬೇಕು, ಪಾಸ್ ಇದ್ದವರಿಗೂ ಬಿಟ್ಟಿಲ್ಲ. ನೀರಿನಲ್ಲಿ ನಿಂತ ದೊಡ್ಡ ಕೆಂಪು ಕಮಾನಿನ ಕಡೆ ಜೆಆರ್ ದೋಣಿ ಹತ್ತಿರದಲ್ಲಿ ಸುತ್ತಿ ಹೋಗುತ್ತದೆ, ಹೋಗುವಾಗ ಬಲಗಡೆ ನಿಂತುಕೊಳ್ಳಿ. ಬರುವಾಗ ಹಿಮೇಜಿಯಲ್ಲಿ ಇಳಿದು ಕೋಟೆ ನೋಡಿ, ಮತ್ತೆ ಹತ್ತಿದೆವು. ಟಿಕೆಟ್ ತೆಗೆದುಕೊಂಡು ಹೋಗಿದ್ದರೆ "ಇಳಿಯೋದು ಬೇಡ, ಮತ್ತೆ ದುಡ್ಡು" ಅನ್ನುತ್ತಿದ್ದೆವು. ಮನಸ್ಸು ಬಂದ ಕಡೆ ಇಳಿಯುವುದಕ್ಕೆ ಪಾಸ್ ಚೆನ್ನ, ಅದನ್ನು ಒಪ್ಪಲೇಬೇಕು.

ನಮ್ಮ ರೈಲ್ವೆಯವರೂ ಹಿಂದೆ ವಿದೇಶಿಯರಿಗೆ ಇಂಡ್‌ರೈಲ್ ಪಾಸ್ ಅಂತ ಕೊಡುತ್ತಿದ್ದರು, ಈಗ ಇಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯದ ಘಾಟಿ ಇಳಿಯುವ ಆ 57 ಸುರಂಗದ ದಾರಿಯನ್ನು ಇಂಥ ಪಾಸ್ ಹಿಡಿದು ನೋಡಲು ಎಷ್ಟು ಜನ ಬರುತ್ತಿದ್ದರೋ ಅನಿಸುತ್ತದೆ. ನಮಗಂತೂ 2020ರ ಮಾರ್ಚ್‌ನಲ್ಲಿ ನಿಲ್ಲಿಸಿದ ಹಿರಿಯರ ರಿಯಾಯಿತಿ ವಾಪಸ್ ಕೊಟ್ಟರೆ ಸಾಕಾಗಿದೆ. ಇರಲಿ, ವಿಷಯ ಅದಲ್ಲ.

ದೊಡ್ಡ ಪಾಸ್ ಯಾರಿಗೂ ಬೇಡ ಅಂತ ನಾನು ಹೇಳುತ್ತಿಲ್ಲ. ಒಂದೇ ವಾರದಲ್ಲಿ ಟೋಕಿಯೊದಿಂದ ದಕ್ಷಿಣಕ್ಕೆ ಫುಕುಓಕಾವರೆಗೂ ಹೋಗಿ ಬಂದು, ಉತ್ತರಕ್ಕೆ ಸೆಂಡಾಯ್ ಕೂಡ ನೋಡುವವರಿದ್ದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ. ಫುಕುಓಕಾಗೆ ಹೋಗಿ ಬರುವುದಕ್ಕೇ 46 ಸಾವಿರದ ಹತ್ತಿರ ಆಗುತ್ತದೆ. ಟೋಕಿಯೊ, ಕ್ಯೋಟೋ, ಹಿರೋಷಿಮಾ ಒಂದು ವಾರದಲ್ಲಿ ಮುಗಿಸಿ, ನರಿತಾ ರೈಲನ್ನೂ ಆ ವಾರಕ್ಕೇ ಸೇರಿಸುವವರಿಗೆ ಸಮ ಸಮ, ಹಿಕಾರಿಗೆ ಕಾಯುವ ತಾಳ್ಮೆ ಇದ್ದರೆ ಆಗಬಹುದು. ಟೋಕಿಯೊ, ಕ್ಯೋಟೋ ಮಾತ್ರ ನೋಡಿ ಬರುವವರಿಗೆ ಬೇಡವೇ ಬೇಡ. ಎರಡು ಕಡೆಯ ಟಿಕೆಟ್ ಸೇರಿ 28 ಸಾವಿರ ಯೆನ್ನಿನಲ್ಲಿ ಮುಗಿಯುತ್ತದೆ. ಮಕ್ಕಳ ಮನೆಗೆ ಹೋಗಿ ನಿಧಾನಕ್ಕೆ ಓಡಾಡುವ ನಮ್ಮಂಥ ಅಪ್ಪ ಅಮ್ಮಂದಿರು ಆಯಾ ಭಾಗದ ಸಣ್ಣ ಪಾಸನ್ನೇ ನೋಡಿ. ದರಗಳು ಏರುತ್ತಲೇ ಇರುತ್ತವೆ, ಹೊರಡುವ ಮುಂಚೆ ಜೆಆರ್ ಅವರ ಸ್ವಂತ ವೆಬ್‌ಸೈಟಿನಲ್ಲಿ ನೋಡಿಕೊಂಡೇ ಕೂಡಿ.

ಯಾವ ಟಿಕೆಟ್ ತೆಗೆದುಕೊಂಡರೂ ಎರಡು ವಿಷಯ. ಸೂಟ್‌ಕೇಸಿನ ಉದ್ದ, ಅಗಲ, ಎತ್ತರ ಕೂಡಿದರೆ 160 ಸೆಂಟಿಮೀಟರ್ ದಾಟುವುದಾದರೆ ಟೋಕಿಯೊ-ಒಸಾಕಾ ದಾರಿಯ ಶಿಂಕಾನ್ಸೆನ್‌ನಲ್ಲಿ ಬೋಗಿಯ ಕೊನೆಯ ಸಾಲಿನ ಸೀಟನ್ನೇ ಮೊದಲೇ ಬುಕ್ ಮಾಡಬೇಕು, ಲಗೇಜ್ ಇಡುವ ಜಾಗ ಅದರ ಹಿಂದೆ ಇರುತ್ತದೆ. ಚಟ್ನಿಪುಡಿ, ಚಕ್ಕುಲಿ, ಹಪ್ಪಳ ತುಂಬಿಕೊಂಡು ಹೋಗುವ ನಮ್ಮ ಸೂಟ್‌ಕೇಸು ಸಾಮಾನ್ಯವಾಗಿ ದಾಟಿಯೇ ದಾಟುತ್ತದೆ, ಮನೆಯಲ್ಲೇ ಟೇಪು ಹಿಡಿದು ಅಳೆಯಿರಿ. ಇನ್ನೊಂದು, ಫ್ಯೂಜಿ ಬೆಟ್ಟ ಕಾಣಬೇಕಾದರೆ ಕಿಟಕಿ ಪಕ್ಕದ ಇ ಸೀಟು ಕೇಳಿ. ಟೋಕಿಯೊ ಬಿಟ್ಟು ಮುಕ್ಕಾಲು ಗಂಟೆಗೆ, ಮೋಡ ಇಲ್ಲದಿದ್ದರೆ, ಬಲಗಡೆ ಬರುತ್ತದೆ. ವಾಪಸ್ ಬರುವಾಗ ಬೆಟ್ಟ ಎಡಗಡೆ, ಆದರೆ ಆಗಲೂ ಇ ಸೀಟನ್ನೇ ಕೇಳಿ. ಅಲ್ಲಿ ಬೋಗಿ ತಿರುಗಿಸುವುದಿಲ್ಲ, ಸೀಟುಗಳನ್ನಷ್ಟೇ ತಿರುಗಿಸುತ್ತಾರೆ.